ಆಟಿಕೆಯ ರಿಮೋಟ್ ಜೀಪು ತೋಟದ ದಾರಿಗೆ ಇಳಿಯಬೇಕಾದರೆ

ಪ್ರಶ್ನೆ: ಸುಂಟಿಕೊಪ್ಪದ ಸಮೀಪ ನಮ್ಮದೊಂದು ಸಣ್ಣ ಕಾಫಿ ತೋಟವಿದೆ. ಮಗನಿಗೆಂದು ಕೊಂಡ ಜೀಪಿನ ಆಕಾರದ ರಿಮೋಟ್ ಕಾರು ಈಗ ನನ್ನ ಹವ್ಯಾಸವಾಗಿದೆ. ಅದರಲ್ಲಿರುವುದು 4.8 ವೋಲ್ಟಿನ ಬ್ಯಾಟರಿ. ಸಿಮೆಂಟಿನ ಕಣದ ಮೇಲೆ ಚೆನ್ನಾಗಿ ಓಡುವ ಕಾರು ತೋಟದ ಮಣ್ಣಿನ ದಾರಿಯ ಸಣ್ಣ ಏರಿನಲ್ಲೂ ನಿಂತುಬಿಡುತ್ತದೆ. ಚಕ್ರಗಳು ಪೂರ್ತಿ ಎಡಕ್ಕೆ ಇಲ್ಲವೇ ಪೂರ್ತಿ ಬಲಕ್ಕೆ ಮಾತ್ರ ತಿರುಗುತ್ತವೆ. ಪಕ್ಕದ ಮನೆಯ ಹುಡುಗನ ಕಾರು ಹತ್ತಿರ ಬಂದರೆ ಎರಡೂ ಒಂದೇ ರಿಮೋಟಿಗೆ ಕುಣಿಯುತ್ತವೆ. 7.4 ವೋಲ್ಟಿನ ಲಿಥಿಯಂ ಬ್ಯಾಟರಿ ಹಾಕಿದರೆ ಎಲ್ಲವೂ ಸರಿಹೋಗುತ್ತದೆ ಎಂದು ಒಬ್ಬರು ಹೇಳಿದರು. ಹಾಗೆ ಮಾಡಬಹುದೇ? ಮಳೆಗಾಲದಲ್ಲಿ ಓಡಿಸಲು ಸಾಧ್ಯವೇ? ನಮ್ಮ ತೋಟದ ಹಳೆಯ ಜೀಪಿನಂತೆ ಕಾಣಿಸಬೇಕೆಂಬ ಆಸೆಯೂ ಇದೆ.

ಉತ್ತರ: ಬ್ಯಾಟರಿಯೊಂದನ್ನೇ ಬದಲಿಸುವ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ವೋಲ್ಟೇಜ್ 4.8ರಿಂದ 7.4ಕ್ಕೆ ಏರಿದರೆ ಮೋಟಾರಿನ ವೇಗ ಸರಿಸುಮಾರು ಒಂದೂವರೆ ಪಟ್ಟಾಗುತ್ತದೆ. ಆದರೆ ಕಾರು ಕಲ್ಲಿಗೆ ಸಿಕ್ಕಿ ಚಕ್ರ ತಿರುಗದೆ ನಿಂತಾಗ ಮೋಟಾರಿನ ಸುರುಳಿಯಲ್ಲಿ ಹುಟ್ಟುವ ಶಾಖ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಅದು ಎರಡು ಪಟ್ಟನ್ನೂ ಮೀರುತ್ತದೆ. ಆಟಿಕೆಯ ಸರ್ಕ್ಯೂಟ್ ಬೋರ್ಡಿನಲ್ಲಿ ಮೋಟಾರನ್ನು ನಡೆಸುವ ಚಿಕ್ಕ ಟ್ರಾನ್ಸಿಸ್ಟರ್‌ಗಳಿಗೆ ಇಷ್ಟು ಕರೆಂಟನ್ನು ತಾಳುವ ಶಕ್ತಿ ಇರುವುದಿಲ್ಲ. ಅವು ಸುಡುತ್ತವೆ, ಅವು ಹೇಗೋ ಉಳಿದರೆ ಪ್ಲಾಸ್ಟಿಕ್ ಗೇರುಗಳ ಹಲ್ಲು ಉದುರುತ್ತದೆ. ಇಷ್ಟೆಲ್ಲ ಆಗಿಯೂ ಏರಿನ ಸಮಸ್ಯೆ ಹಾಗೆಯೇ ಉಳಿಯುತ್ತದೆ, ಏಕೆಂದರೆ ನಿಮ್ಮ ಕಾರು ಅಲ್ಲಿ ನಿಲ್ಲಲು ಕಾರಣ ವೇಗದ ಕೊರತೆಯಲ್ಲ, ಗೇರಿನ ಅನುಪಾತ ಮತ್ತು ಚಕ್ರದ ಹಿಡಿತ.

ಈ ಹವ್ಯಾಸಕ್ಕೆ ಇಳಿಯುವವರಿಗೆ ನಾನು ಹೇಳುವ ಕ್ರಮ ಒಂದೇ: ನಾಳೆ ಬೇರೊಂದು ಕಾರಿಗೆ ಕಳಚಿ ಹಾಕಬಹುದಾದ ಭಾಗಗಳಿಗೆ ಮೊದಲು ಹಣ ಹಾಕಿ, ಈ ಆಟಿಕೆಗೆ ಮಾತ್ರ ಹೊಂದುವ ಭಾಗಗಳಿಗೆ ಕೊನೆಯಲ್ಲಿ ಹಾಕಿ. ಜಪಾನಿನ ತಾಮಿಯಾ ಕಂಪನಿ 1976ರಲ್ಲಿ ಪೋರ್ಷೆ 934 ಕಾರಿನ 1:12 ಅಳತೆಯ ರಿಮೋಟ್ ಮಾದರಿಯನ್ನು ಜೋಡಿಸಿಕೊಳ್ಳುವ ಕಿಟ್ ರೂಪದಲ್ಲಿ ತಂದಿತು. ಆಟಿಕೆ ಮತ್ತು ಹವ್ಯಾಸದ ಕಾರುಗಳ ನಡುವಿನ ನಿಜವಾದ ವ್ಯತ್ಯಾಸ ಅಂಥ ಕಿಟ್‌ಗಳಲ್ಲಿ ಎದ್ದು ಕಾಣುತ್ತದೆ. ಹವ್ಯಾಸದ ಕಾರಿನಲ್ಲಿ ರಿಮೋಟಿನ ಸಂಕೇತ ಹಿಡಿಯುವ ರಿಸೀವರ್, ಮೋಟಾರ್ ನಿಯಂತ್ರಕ, ಸ್ಟಿಯರಿಂಗ್ ಸರ್ವೊ (ಚಕ್ರವನ್ನು ಬೇಕಾದಷ್ಟೇ ತಿರುಗಿಸಿ ನಿಲ್ಲಿಸುವ ಪುಟ್ಟ ಮೋಟಾರ್ ಪೆಟ್ಟಿಗೆ), ಮೋಟಾರ್ ಎಲ್ಲವೂ ಬೇರೆ ಬೇರೆಯಾಗಿದ್ದು ಕೆಟ್ಟದ್ದನ್ನು ಮಾತ್ರ ಬದಲಿಸಬಹುದು; ಆಟಿಕೆಯಲ್ಲಿ ಮೊದಲ ಎರಡು ಒಂದೇ ಬೋರ್ಡಿನಲ್ಲಿ ಸೇರಿಕೊಂಡಿರುವುದರಿಂದ ಒಂದು ಕೆಟ್ಟರೆ ಎಲ್ಲವೂ ಕೆಟ್ಟಂತೆ. ಕಾರನ್ನು ಅಪ್‌ಗ್ರೇಡ್ ಮಾಡುವುದೆಂದರೆ ಮುಖ್ಯವಾಗಿ ಈ ಒಂದು ಬೋರ್ಡನ್ನು ತೆಗೆದುಹಾಕುವುದು.

ಹೊಸದೇನನ್ನೂ ಕೊಳ್ಳುವ ಮೊದಲು ಮೇಲಿನ ಕವಚ ಬಿಚ್ಚಿ ಒಳಗೆ ನೋಡಿ. ಎರಡೂ ಕಾರುಗಳು ಒಂದೇ ರಿಮೋಟಿಗೆ ಕುಣಿಯುವ ಲಕ್ಷಣವನ್ನು ನೋಡಿದರೆ ಅವು 27 ಅಥವಾ 49 ಮೆಗಾಹರ್ಟ್ಸ್ ತರಂಗಾಂತರದ ಹಳೆಯ ಮಾದರಿಯವು ಎನಿಸುತ್ತದೆ. ಇಂಥವುಗಳ ಬೋರ್ಡಿನಲ್ಲಿ ಬಹುಮಟ್ಟಿಗೆ ಆರ್‌ಎಕ್ಸ್-2 ಹೆಸರಿನ ಚಿಪ್ ಇರುತ್ತದೆ. ಅದಕ್ಕೆ ಗೊತ್ತಿರುವುದು ಐದೇ ಆಜ್ಞೆಗಳು: ಮುಂದೆ, ಹಿಂದೆ, ಎಡ, ಬಲ, ಮತ್ತು ಟರ್ಬೊ. ‘ಸ್ವಲ್ಪ ಎಡಕ್ಕೆ’ ಎಂಬ ಆಜ್ಞೆಯೇ ಅದರಲ್ಲಿ ಇಲ್ಲದಿರುವಾಗ ಚಕ್ರಗಳು ಅರ್ಧ ತಿರುಗಲಿ ಎಂದು ಬಯಸಿ ಪ್ರಯೋಜನವಿಲ್ಲ. ಸ್ಟಿಯರಿಂಗ್ ಪೆಟ್ಟಿಗೆಗೆ ಎರಡೇ ತಂತಿಗಳು ಹೋಗಿದ್ದರೆ ಅದು ಬರಿಯ ಮೋಟಾರ್ ಅಥವಾ ಅಯಸ್ಕಾಂತದ ಸುರುಳಿ; ಚಕ್ರವನ್ನು ನಡುವಿಗೆ ತರುವ ಕೆಲಸವನ್ನು ಸ್ಪ್ರಿಂಗ್ ಮಾಡುತ್ತಿರುತ್ತದೆ. ಚಕ್ರಗಳ ಅಚ್ಚನ್ನೂ ಇದೇ ಸಂದರ್ಭದಲ್ಲಿ ನೋಡಿಬಿಡಿ. ಉಕ್ಕಿನ ದಪ್ಪ ಅಚ್ಚು, ಮುಚ್ಚಿದ ಗೇರ್ ಪೆಟ್ಟಿಗೆ, ಸ್ಕ್ರೂ ಬಿಗಿದ ಚಕ್ರ ಇದ್ದರೆ ಈ ಚಾಸಿಗೆ, ಅಂದರೆ ಕಾರಿನ ಅಡಿಗಟ್ಟಿಗೆ, ಶ್ರಮ ಹಾಕಬಹುದು. ತೆಳ್ಳನೆಯ ಕಡ್ಡಿಗೆ ಚಕ್ರವನ್ನು ಒತ್ತಿ ಕೂರಿಸಿದ್ದರೆ ಎಲೆಕ್ಟ್ರಾನಿಕ್ಸ್ ಬದಲಿಸುವಲ್ಲಿಗೆ ನಿಲ್ಲಿಸಿ.

ಮೊದಲ ಖರೀದಿಯಲ್ಲಿ ಮೂರು ವಸ್ತುಗಳು ಒಟ್ಟಿಗೆ ಬರಬೇಕು: 2.4 ಗಿಗಾಹರ್ಟ್ಸ್ ರೇಡಿಯೊ ಸೆಟ್ಟು, ಬ್ರಷ್ ಮೋಟಾರಿಗೆ ಹೊಂದುವ ವೇಗ ನಿಯಂತ್ರಕ ಅಂದರೆ ಇಎಸ್‌ಸಿ, ಮತ್ತು ಮೂರು ತಂತಿಯ ಸರ್ವೊ. ರೇಡಿಯೊ ವಿಷಯದಲ್ಲಿ ಫ್ಲೈಸ್ಕೈ ಕಂಪನಿಯ ಪಿಸ್ತೂಲಿನ ಆಕಾರದ ಸೆಟ್ಟುಗಳು ಆರಂಭಕ್ಕೆ ಸಾಕು. ಇಂಥ ಸೆಟ್ಟಿನಲ್ಲಿ ಕೈಯಲ್ಲಿ ಹಿಡಿಯುವ ಟ್ರಾನ್ಸ್‌ಮಿಟರನ್ನೂ ರಿಸೀವರನ್ನೂ ಒಮ್ಮೆ ಬೈಂಡ್ ಮಾಡಿದರೆ, ಅಂದರೆ ಒಂದಕ್ಕೊಂದು ಗುರುತು ಹಿಡಿಸಿದರೆ, ಆ ರಿಸೀವರ್ ಆ ಟ್ರಾನ್ಸ್‌ಮಿಟರಿನ ಮಾತನ್ನು ಮಾತ್ರ ಕೇಳುತ್ತದೆ. ಹತ್ತು ಕಾರುಗಳು ಒಂದೇ ಕಣದಲ್ಲಿ ಓಡಿದರೂ ಗೊಂದಲವಿಲ್ಲ. ಭಾರತದಲ್ಲಿ ಈ ತರಂಗಾಂತರದ ಕಡಿಮೆ ಶಕ್ತಿಯ ಬಳಕೆಗೆ ಪರವಾನಗಿಯೂ ಬೇಕಿಲ್ಲ. ಬೈಂಡ್ ಮಾಡಿದ ಮೇಲೆ ಫೇಲ್‌ಸೇಫ್ ಹೊಂದಿಸುವುದನ್ನು ಮರೆಯಬಾರದು. ಸಂಕೇತ ತಪ್ಪಿದಾಗ ಮೋಟಾರ್ ತಾನಾಗಿ ನಿಲ್ಲುವ ಈ ವ್ಯವಸ್ಥೆ ಇಲ್ಲದಿದ್ದರೆ ಕಾರು ನೇರವಾಗಿ ಕೆರೆಗೋ ಕಂದಕಕ್ಕೋ ಇಳಿಯುತ್ತದೆ. ಒದ್ದೆ ಎಲೆಗಳು 2.4 ಗಿಗಾಹರ್ಟ್ಸ್ ತರಂಗಗಳನ್ನು ಚೆನ್ನಾಗಿ ಹೀರಿಕೊಳ್ಳುವುದರಿಂದ ಮಳೆ ನಿಂತ ಮೇಲೆ ಕಾಫಿ ಗಿಡಗಳ ನಡುವೆ ಸಿಗುವ ದೂರ, ಬಯಲಿನಲ್ಲಿ ಸಿಗುವ ದೂರಕ್ಕಿಂತ ಬಹಳ ಕಡಿಮೆ. ರಿಸೀವರಿನ ಆಂಟೆನಾ ತಂತಿಯನ್ನು ಸಣ್ಣ ಪ್ಲಾಸ್ಟಿಕ್ ಕೊಳವೆಯಲ್ಲಿ ನೆಟ್ಟಗೆ ನಿಲ್ಲಿಸಿದರೆ ಸ್ವಲ್ಪ ಅನುಕೂಲವಾಗುತ್ತದೆ.

ಇಎಸ್‌ಸಿ ಕೊಳ್ಳುವಾಗ ಹಣ ಉಳಿಸಲು ಹೋಗಬೇಡಿ. ‘320 ಆಂಪಿಯರ್’ ಎಂದು ದೊಡ್ಡದಾಗಿ ಮುದ್ರಿಸಿದ ಅಗ್ಗದ ನಿಯಂತ್ರಕಗಳು ಎಲ್ಲೆಡೆ ಸಿಗುತ್ತವೆ. ಆ ಅಂಕಿಯನ್ನು ನಂಬುವ ಅಗತ್ಯವಿಲ್ಲ. ನಿಮ್ಮ ಕಾರಿನ ಗಾತ್ರದ ಮೋಟಾರ್ ಅದರ ಹತ್ತನೆಯ ಒಂದು ಪಾಲನ್ನೂ ಎಳೆಯುವುದು ಅಪರೂಪ, ಮತ್ತು ಲಿಥಿಯಂ ಬ್ಯಾಟರಿ ಬರಿದಾಗುವ ಮುನ್ನ ಮೋಟಾರನ್ನು ನಿಲ್ಲಿಸುವ ಸೌಲಭ್ಯ ಅವುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಹಾಬಿವಿಂಗ್ ಕ್ವಿಕ್‌ರನ್ 1060ರಂಥ ನಿಯಂತ್ರಕ ನೀರಿಗೂ ತಡೆಯುತ್ತದೆ. ಬ್ಯಾಟರಿ ಲಿಥಿಯಂ ಪಾಲಿಮರೋ ನಿಕಲ್ ಮೆಟಲ್ ಹೈಡ್ರೈಡೋ ಎಂಬುದನ್ನೂ, ಓಟದ ವಿಧಾನವನ್ನೂ ಅದರ ಮೇಲಿನ ಚಿಕ್ಕ ಜಂಪರ್‌ಗಳನ್ನು ಬದಲಿಸಿಯೇ ಹೇಳಬಹುದು. ಗುಡ್ಡದ ದಾರಿಗೆ ಮುಂದೆ ಹೋಗುತ್ತಲೇ ತಕ್ಷಣ ಹಿಂದಕ್ಕೆ ಬರಲು ಬಿಡುವ ವಿಧಾನವನ್ನು ಆರಿಸಿಕೊಳ್ಳಿ.

ಸರ್ವೊ ಜೋಡಿಸುವುದೇ ಈ ಇಡೀ ಕೆಲಸದಲ್ಲಿ ಕೈಚಳಕ ಬೇಡುವ ಭಾಗ. ರಿಸೀವರ್ ಸರ್ವೊಗೆ ಸುಮಾರು 20 ಮಿಲಿಸೆಕೆಂಡಿಗೊಮ್ಮೆ ಒಂದು ಮಿಡಿತವನ್ನು ಕಳಿಸುತ್ತದೆ. ಮಿಡಿತದ ಅಗಲ 1 ಮಿಲಿಸೆಕೆಂಡ್ ಇದ್ದರೆ ಒಂದು ತುದಿ, 2 ಇದ್ದರೆ ಇನ್ನೊಂದು ತುದಿ, 1.5 ಇದ್ದರೆ ನಡು. ನಡುವಿನ ಎಲ್ಲ ಸ್ಥಾನಗಳೂ ನಿಮ್ಮ ಬೆರಳಿಗೆ ಸಿಗುವುದು ಹೀಗೆ. 9 ಗ್ರಾಂ ತೂಕದ ಎಸ್‌ಜಿ90 ಸರ್ವೊ ಎಲ್ಲಕ್ಕಿಂತ ಅಗ್ಗ, ಆದರೆ ಅದರ ಪ್ಲಾಸ್ಟಿಕ್ ಹಲ್ಲುಗಳು ತೋಟದ ಕಲ್ಲಿಗೆ ನಿಲ್ಲುವುದಿಲ್ಲ. ಅದೇ ಗಾತ್ರದ ಲೋಹದ ಗೇರಿನ ಎಂಜಿ90ಎಸ್ ಚಿಕ್ಕ ಕಾರಿಗೆ ಸಾಕು. ಕಾರು ಕೈಗೆ ಭಾರವಾಗಿದ್ದರೆ ಸುಮಾರು 55 ಗ್ರಾಂ ತೂಗುವ ಎಂಜಿ996ಆರ್‌ನಂಥ ದೊಡ್ಡ ಸರ್ವೊಗೆ ಜಾಗ ಮಾಡಿಕೊಳ್ಳಬೇಕು. ಒಂದು ಎಚ್ಚರಿಕೆ: ಚಕ್ರ ಕಲ್ಲಿನ ಸಂದಿಗೆ ಸಿಕ್ಕಾಗ ಈ ದೊಡ್ಡ ಸರ್ವೊ 2 ಆಂಪಿಯರಿಗಿಂತಲೂ ಹೆಚ್ಚು ಎಳೆಯಬಲ್ಲದು. ಆಗ ಇಎಸ್‌ಸಿಯ ಒಳಗಿನ, ರಿಸೀವರಿಗೂ ಸರ್ವೊಗೂ ವಿದ್ಯುತ್ ಕೊಡುವ ಚಿಕ್ಕ ಪೂರೈಕೆ (ಬಿಇಸಿ) ಕುಸಿದು ರಿಸೀವರ್ ಕ್ಷಣಕಾಲ ಸತ್ತು ಮತ್ತೆ ಏಳುತ್ತದೆ. ತಿರುವಿನಲ್ಲಿ ಕಾರು ತಾನಾಗಿ ಆಫ್ ಆಗಿ ಆನ್ ಆಗುತ್ತಿದ್ದರೆ ರೇಡಿಯೊವನ್ನು ದೂರದೆ ಸರ್ವೊಗೆ ಪ್ರತ್ಯೇಕ ಬಿಇಸಿ ಕೊಡಿ.

ಹಳೆಯ ಸ್ಟಿಯರಿಂಗ್ ಪೆಟ್ಟಿಗೆಯನ್ನು ಕಿತ್ತ ಜಾಗದಲ್ಲಿ ಅಲ್ಯೂಮಿನಿಯಂ ಎಲ್-ಪಟ್ಟಿಯ ಎರಡು ತುಂಡುಗಳನ್ನು ಸ್ಕ್ರೂ ಮಾಡಿ ಸರ್ವೊವನ್ನು ಕೂರಿಸಬಹುದು. ಅಂಟಿನ ಟೇಪನ್ನು ಮಾತ್ರ ನಂಬಿದರೆ ನಮ್ಮ ತೇವಕ್ಕೆ ಅದು ಬಿಟ್ಟುಕೊಳ್ಳುತ್ತದೆ. ಸರ್ವೊದ ತೋಳಿನಿಂದ ಚಕ್ರದ ಗೆಣ್ಣಿಗೆ ಹೋಗುವ ಕಡ್ಡಿಗೆ ಸೈಕಲ್ಲಿನ ಹಳೆಯ ಸ್ಪೋಕ್ ತುಂಡಿಗಿಂತ ಒಳ್ಳೆಯ ವಸ್ತು ಇಲ್ಲ. ಎರಡೂ ತುದಿಗಳನ್ನು ಇಕ್ಕಳದಿಂದ ಎರಡು ಬಾರಿ ಮಡಚಿದರೆ ರಂಧ್ರದಿಂದ ಕಳಚುವುದಿಲ್ಲ. ರೇಡಿಯೊ ಆನ್ ಮಾಡಿ, ಟ್ರಿಮ್ (ನಡುವಿನ ಸ್ಥಾನವನ್ನು ತುಸು ಸರಿಸುವ ಗುಂಡಿ) ಸೊನ್ನೆಗೆ ತಂದು, ಸರ್ವೊ ತಾನಾಗಿ ನಡುವಿಗೆ ಬಂದ ಮೇಲೆಯೇ ತೋಳನ್ನು ಸ್ಕ್ರೂ ಮಾಡಬೇಕು. ನಂತರ ಟ್ರಾನ್ಸ್‌ಮಿಟರಿನಲ್ಲಿ ಎರಡೂ ಕಡೆಯ ತಿರುವಿನ ಮಿತಿಯನ್ನು, ಚಕ್ರ ತನ್ನ ತುದಿ ಮುಟ್ಟುವುದಕ್ಕೆ ಸ್ವಲ್ಪ ಮೊದಲೇ ಸರ್ವೊ ನಿಲ್ಲುವಂತೆ ಹೊಂದಿಸಿ. ಹಾಗೆ ಮಾಡದಿದ್ದರೆ ಸರ್ವೊ ಚಾಸಿಯನ್ನು ತಳ್ಳುತ್ತಲೇ ಇದ್ದು ಒಂದು ದಿನ ಬಿಸಿಯಾಗಿ ಸುಡುತ್ತದೆ.

ಇಲ್ಲಿಗೆ ಬಂದ ಮೇಲೆ ಹಳೆಯ ಮೋಟಾರಿನಲ್ಲಿಯೇ, ಹೊಸ ಇಎಸ್‌ಸಿಗೂ ಹೊಂದುವ ಹೊಸ ಬ್ಯಾಟರಿಯಲ್ಲಿ, ಥ್ರಾಟಲನ್ನು ಅರ್ಧಕ್ಕೆ ಮಿತಿಗೊಳಿಸಿ ಕೆಲವು ದಿನ ಓಡಿಸಿ. ಅನೇಕರಿಗೆ ಇಷ್ಟರಲ್ಲಿಯೇ ತೃಪ್ತಿಯಾಗುತ್ತದೆ. ಏರು ಹತ್ತುವುದು ಇನ್ನೂ ಕಷ್ಟವಾದರೆ ಮೋಟಾರ್ ಬದಲಿಸುವ ಮೊದಲು ಗೇರಿನ ಲೆಕ್ಕ ನೋಡಿ. ಮೋಟಾರಿನ ತುದಿಯ ಚಿಕ್ಕ ಗೇರು, ಅಂದರೆ ಪಿನಿಯನ್, 12 ಹಲ್ಲಿನದಾಗಿದ್ದು ಅದರ ಜಾಗದಲ್ಲಿ 10 ಹಲ್ಲಿನದನ್ನು ಹಾಕಿದರೆ ಗರಿಷ್ಠ ವೇಗದಲ್ಲಿ ಆರನೆಯ ಒಂದು ಪಾಲು ಕಳೆದು, ಚಕ್ರಕ್ಕೆ ಸಿಗುವ ತಿರುಗುಬಲ ಶೇ 20ರಷ್ಟು ಹೆಚ್ಚುತ್ತದೆ. ಆಟಿಕೆಗಳಲ್ಲಿ ಸಾಮಾನ್ಯವಾದ 0.5 ಮಾಡ್ಯೂಲಿನ (ಮಾಡ್ಯೂಲ್ ಎಂದರೆ ಹಲ್ಲಿನ ಗಾತ್ರದ ಅಳತೆ) ಹಲ್ಲುಗಳಾದರೆ ಎರಡು ಹಲ್ಲು ಕಡಿಮೆಯಾದಾಗ ಎರಡು ಗೇರುಗಳ ನಡುವಿನ ದೂರ ಅರ್ಧ ಮಿಲಿಮೀಟರ್ ಕುಗ್ಗಬೇಕು; ಆದ್ದರಿಂದ ಮೋಟಾರಿನ ಸ್ಕ್ರೂ ರಂಧ್ರಗಳನ್ನು ಅರದಿಂದ ಉದ್ದ ಮಾಡಿ ಮೋಟಾರನ್ನು ಅಷ್ಟು ಸರಿಸಬೇಕಾಗುತ್ತದೆ. ಹಲ್ಲುಗಳ ನಡುವೆ ತೆಳು ಕಾಗದದ ಪಟ್ಟಿಯನ್ನು ಇಟ್ಟು ಬಿಗಿಮಾಡಿ, ಬಳಿಕ ಗೇರು ತಿರುಗಿಸಿ ಕಾಗದವನ್ನು ಹೊರತೆಗೆದರೆ ಉಳಿಯುವ ಸಡಿಲವೇ ಸರಿಯಾದ ಸಡಿಲ. ಮೋಟಾರನ್ನೇ ಬದಲಿಸುವುದಾದರೆ ಅಚ್ಚಿನ ಅಳತೆ ನೋಡಿಕೊಳ್ಳಿ: 130 ಗಾತ್ರಕ್ಕೆ 2 ಮಿ.ಮೀ., 370ಕ್ಕೆ ಮಾದರಿಗೆ ತಕ್ಕಂತೆ 2 ಅಥವಾ 2.3, 380ಕ್ಕೆ 2.3, 540ಕ್ಕೆ 3.17. ಪಿನಿಯನ್‌ನ ರಂಧ್ರ ಇದಕ್ಕೆ ಹೊಂದದಿದ್ದರೆ ಕೊಂಡದ್ದು ವ್ಯರ್ಥ. ಆಟಿಕೆಯ ಚಾಸಿಗೆ 370ರಿಂದ ಮುಂದೆ ಹೋಗುವುದು ನನಗೆ ಸರಿಯೆನಿಸುವುದಿಲ್ಲ. ಹೊಸ ಮೋಟಾರಿನ ಎರಡು ತುದಿಗಳ ನಡುವೆ 104 ಎಂದು ಬರೆದಿರುವ ಚಿಕ್ಕ ಸೆರಾಮಿಕ್ ಕೆಪಾಸಿಟರನ್ನು ಬೆಸೆಯಿರಿ. ಬ್ರಷ್‌ಗಳ ಕಿಡಿಯಿಂದ ರೇಡಿಯೊಗೆ ಬರುವ ತೊಂದರೆ ಅದರಿಂದ ತಗ್ಗುತ್ತದೆ.

ಹಿಡಿತದ ವಿಷಯದಲ್ಲಿ ಖರ್ಚಿಲ್ಲದೆ ಆಗುವ ಕೆಲಸವೇ ಹೆಚ್ಚು. ಆಟಿಕೆಯ ಗಟ್ಟಿ ಪ್ಲಾಸ್ಟಿಕ್ ಚಕ್ರ ಸಿಲ್ವರ್ ಓಕ್ ಎಲೆಗಳ ಹಾಸಿನ ಮೇಲೆ ಸುಮ್ಮನೆ ಗಿರಕಿ ಹೊಡೆಯುತ್ತದೆ. ಬೈಕಿನ ಹಳೆಯ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ, ಪಂಕ್ಚರ್ ಸಲ್ಯೂಷನ್ ಹಚ್ಚಿ ಚಕ್ರಕ್ಕೆ ಸುತ್ತಿ, ಅದರ ಮೇಲೆ ಅಡ್ಡಲಾಗಿ ಚಿಕ್ಕ ತುಂಡುಗಳನ್ನು ಅಂಟಿಸಿದರೆ ವ್ಯತ್ಯಾಸ ಮೊದಲ ಏರಿನಲ್ಲೇ ಗೊತ್ತಾಗುತ್ತದೆ. ಮುಂದೆ ಒಳ್ಳೆಯ ರಬ್ಬರ್ ಚಕ್ರಗಳನ್ನು ಕೊಳ್ಳುವುದಾದರೆ 12 ಮಿ.ಮೀ. ಷಟ್ಕೋನದ ಹಬ್ ಇರುವಂಥವನ್ನೇ ಕೊಳ್ಳಿ. ಅದು ಹವ್ಯಾಸದ ಕಾರುಗಳಲ್ಲಿ ರೂಢಿಯ ಅಳತೆಯಾಗಿರುವುದರಿಂದ ಆ ಚಕ್ರಗಳೂ ಮುಂದಿನ ಕಾರಿಗೆ ಹೋಗುತ್ತವೆ. ತೂಕ ಕೆಳಗಿರಬೇಕು, ಮುಂದಿರಬೇಕು. ಬಂಡೆ ಹತ್ತುವ ಕಾರುಗಳಲ್ಲಿ ತೂಕದ ಸುಮಾರು ಶೇ 60 ಮುಂದಿನ ಅಚ್ಚಿನ ಮೇಲೆ ಬೀಳುವಂತೆ ಜೋಡಿಸುವುದು ವಾಡಿಕೆ. ಕುಶಾಲನಗರ ಅಥವಾ ಗೋಣಿಕೊಪ್ಪದ ಟೈರ್ ಅಂಗಡಿಯಲ್ಲಿ ಚಕ್ರದ ಸಮತೋಲನಕ್ಕೆ ಬಳಸುವ 5 ಮತ್ತು 10 ಗ್ರಾಮಿನ ಅಂಟುವ ತುಂಡುಗಳನ್ನು ಕೇಳಿ ತಂದು ಮುಂದಿನ ಅಚ್ಚಿನ ಬದಿಗೆ ಅಂಟಿಸಬಹುದು. ಅವು ಸೀಸದವಾಗಿದ್ದರೆ ಮುಟ್ಟಿದ ಮೇಲೆ ಕೈ ತೊಳೆಯಬೇಕು, ಮಗುವಿಗೆ ಕೊಡಬಾರದು.

ಬ್ಯಾಟರಿಗೆ ಈಗ ಬರೋಣ. ಮಗನೂ ಚಾರ್ಜ್ ಮಾಡುವವನಾಗಿದ್ದರೆ ಆರು ಕೋಶಗಳ 7.2 ವೋಲ್ಟಿನ ನಿಕಲ್ ಮೆಟಲ್ ಹೈಡ್ರೈಡ್ ಪ್ಯಾಕನ್ನೇ ನಾನು ಸೂಚಿಸುತ್ತೇನೆ. ತೂಕ ಹೆಚ್ಚು, ಆದರೆ ಅಜಾಗರೂಕತೆಯನ್ನು ಸಹಿಸುತ್ತದೆ. ನೀವೊಬ್ಬರೇ ನೋಡಿಕೊಳ್ಳುವುದಾದರೆ ಎರಡು ಕೋಶಗಳ 7.4 ವೋಲ್ಟಿನ ಲಿಥಿಯಂ ಪಾಲಿಮರ್ ಆಗಬಹುದು. 1500 ಎಂಎಎಚ್ ಪ್ಯಾಕಿನಿಂದ ಸರಾಸರಿ 5 ಆಂಪಿಯರ್ ಎಳೆದರೆ ಲೆಕ್ಕಕ್ಕೆ 18 ನಿಮಿಷ. ಐದನೆಯ ಒಂದು ಪಾಲನ್ನು ಉಳಿಸಿಕೊಳ್ಳಬೇಕಾದ್ದರಿಂದ 14 ನಿಮಿಷ ಎಂದುಕೊಳ್ಳಿ. ತುಂಬಿದಾಗ ಒಂದು ಕೋಶ 4.2 ವೋಲ್ಟ್ ಮೀರಬಾರದು, ಓಡುವಾಗ 3.2ರ ಕೆಳಗೆ ಇಳಿಯಬಾರದು, ವಾರಗಟ್ಟಲೆ ಎತ್ತಿಡುವಾಗ 3.8ರ ಆಸುಪಾಸಿನಲ್ಲಿರಬೇಕು. ಪ್ರತಿ ಕೋಶವನ್ನೂ ಪ್ರತ್ಯೇಕವಾಗಿ ಗಮನಿಸುವ ಬ್ಯಾಲೆನ್ಸ್ ಚಾರ್ಜರಿನಲ್ಲಿ, 1500 ಎಂಎಎಚ್ ಪ್ಯಾಕಿಗೆ 1.5 ಆಂಪಿಯರ್ ಮೀರದಂತೆ, ಸಿಮೆಂಟು ನೆಲದ ಮೇಲೆ, ಎದುರಿಗೆ ಕುಳಿತು ಚಾರ್ಜ್ ಮಾಡಿ. ಮಳೆಗಾಲದಲ್ಲಿ ಕರೆಂಟು ಹೋಗಿ ಬರುವ ನಮ್ಮ ಮನೆಗಳಲ್ಲಿ, ರಾತ್ರಿ ಚಾರ್ಜಿಗೆ ಹಾಕಿ ಮಲಗುವ ಅಭ್ಯಾಸ ಬೇಡವೇ ಬೇಡ. ಊದಿದ ಪ್ಯಾಕನ್ನು ಮತ್ತೆ ಬಳಸಬಾರದು. ಹಳೆಯ ಲ್ಯಾಪ್‌ಟಾಪ್ ಕೋಶಗಳಿಂದ ಪ್ಯಾಕ್ ಕಟ್ಟುವ ಉಪಾಯವನ್ನೂ ಕೈಬಿಡಿ, ಏಕೆಂದರೆ ಮೋಟಾರ್ ಸಿಕ್ಕಿಬಿದ್ದಾಗ ಕೇಳುವ ಕರೆಂಟನ್ನು ಕೊಡಲು ಅವನ್ನು ತಯಾರಿಸಿಲ್ಲ. ಅಗ್ಗದ ಪ್ಯಾಕುಗಳಲ್ಲಿ ಕನೆಕ್ಟರಿನ ಕೆಂಪು ಕಪ್ಪು ತಂತಿಗಳು ತಿರುಗುಮುರುಗಾಗಿ ಬಂದಿರುವುದುಂಟು. ಮೊದಲ ಸಲ ಜೋಡಿಸುವ ಮುನ್ನ ಮಲ್ಟಿಮೀಟರ್ ಹಿಡಿದು ನೋಡಿ.

ಮಡಿಕೇರಿಯ ಸುತ್ತ ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ ಬೀಳುವುದರಿಂದ ಮಳೆಗಾಲದ ಪ್ರಶ್ನೆ ಇಲ್ಲಿ ಪಕ್ಕಕ್ಕಿಡುವಂಥದ್ದಲ್ಲ. ನೀರು ತಡೆಯುವ ಇಎಸ್‌ಸಿ ಮತ್ತು ಸರ್ವೊ ಇದ್ದರೂ ರಿಸೀವರ್ ಸಾಮಾನ್ಯವಾಗಿ ಅಂಥದ್ದಲ್ಲ. ಅದನ್ನು ಚಿಕ್ಕ ಬಲೂನಿನೊಳಗೆ ಇಳಿಸಿ, ತಂತಿಗಳು ಹೊರಬರುವಲ್ಲಿ ಸ್ವಲ್ಪ ಗ್ರೀಸ್ ಹಚ್ಚಿ ಜಿಪ್ ಟೈ ಬಿಗಿದರೆ ಸಾಕು. ಬ್ರಷ್ ಮೋಟಾರ್ ನೀರಿನಲ್ಲೂ ತಿರುಗುತ್ತದೆ, ಆದರೆ ಬ್ರಷ್‌ಗಳು ಬೇಗ ಸವೆಯುತ್ತವೆ. ಅದಕ್ಕಿಂತ ಹೆಚ್ಚಿನ ಹಾನಿ ಮನೆಗೆ ಬಂದ ಮೇಲೆ ಒಣಗಿಸದೆ ಇಟ್ಟಾಗ ಹಿಡಿಯುವ ತುಕ್ಕಿನದು. ಓಡಿಸಿದ ದಿನವೇ ಕೆಸರು ತೊಳೆದು, ತೇವ ಹೊರದೂಡುವ ಸ್ಪ್ರೇ ಹೊಡೆದು, ಅಚ್ಚಿನ ಬುಷ್‌ಗಳಿಗೆ ಒಂದೊಂದು ಹನಿ ಎಣ್ಣೆ ಬಿಡಬೇಕು. ನಮ್ಮ ಕೆಂಪು ಮಣ್ಣು ತೆರೆದ ಗೇರುಗಳನ್ನು ಉಪ್ಪುಕಾಗದದ ಹಾಗೆ ತಿನ್ನುತ್ತದೆ, ಆದ್ದರಿಂದ ಗೇರ್ ಪೆಟ್ಟಿಗೆಗೆ ಮುಚ್ಚಳವಿಲ್ಲದಿದ್ದರೆ ಒಣ ದಿನಗಳಿಗೆ ಮಾತ್ರ ಓಡಿಸುವುದನ್ನು ಸೀಮಿತಗೊಳಿಸಿ. ಕಕ್ಕಡದ (ಕೊಡಗಿನಲ್ಲಿ ಜುಲೈ-ಆಗಸ್ಟ್ ನಡುವಿನ ತಿಂಗಳು) ಮಳೆಯಲ್ಲಿ ಪಾಚಿ ಹಿಡಿದ ಕಣದ ಮೇಲೆ ಯಾವ ಚಕ್ರಕ್ಕೂ ಹಿಡಿತ ಸಿಗುವುದಿಲ್ಲ, ತೋಟಕ್ಕೆ ಇಳಿದರೆ ಕಾರಿಗೇನೂ ಆಗದೆ ಓಡಿಸುವವರ ಕಾಲಿಗೆ ಜಿಗಣೆ ಹತ್ತುತ್ತದೆ. ಆ ತಿಂಗಳನ್ನು ಮೇಜಿನ ಮೇಲಿನ ಕೆಲಸಕ್ಕೆ ಬಿಡುವುದು ಲೇಸು. ಕೊಯ್ಲಿನ ಬಳಿಕ ಕಣದಿಂದ ಕಾಫಿ ಎದ್ದ ಮೇಲೆ ಗಿಡಗಳು ಹೂ ಬಿಡಲು ಬೇಕಾದ ಹೂಮಳೆಯವರೆಗಿನ ವಾರಗಳು ಓಡಿಸಲು ಅತ್ಯುತ್ತಮ. ಕಣದಲ್ಲಿ ಕಾಫಿ ಹರವಿರುವಾಗ ಅಲ್ಲಿ ಕಾರು ತರುವ ಮಾತನ್ನು ಮನೆಯವರ ಮುಂದೆ ಎತ್ತದಿರುವುದೇ ಕ್ಷೇಮ.

ಇನ್ನು ರೂಪ. ಬಣ್ಣ ಹಚ್ಚುವುದಕ್ಕೂ ಅದೇ ಒಣ ತಿಂಗಳುಗಳು ಬೇಕು. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಸ್ಪ್ರೇ ಬಣ್ಣ ಬಿಳಚಿಕೊಳ್ಳುತ್ತದೆ. ಆಟಿಕೆಯ ಕವಚ ಗಟ್ಟಿ ಪ್ಲಾಸ್ಟಿಕ್ಕಿನದಾದ್ದರಿಂದ ಸೋಪಿನಲ್ಲಿ ತೊಳೆದು, 400 ನಂಬರಿನ ಉಪ್ಪುಕಾಗದದಿಂದ ಹೊಳಪು ತೆಗೆದು, ಪ್ರೈಮರ್ ಕೊಟ್ಟು, ಮೇಲೆ ತೆಳುವಾಗಿ ಹಲವು ಪದರ ಹೊಡೆಯಬೇಕು. ರೇಸಿಂಗ್ ಕಾರುಗಳ ಪಾರದರ್ಶಕ ಪಾಲಿಕಾರ್ಬೊನೇಟ್ ಕವಚಕ್ಕೆ ಒಳಬದಿಯಿಂದ ಬಣ್ಣ ಹೊಡೆಯುವ ಕ್ರಮವೇ ಬೇರೆ, ಅದನ್ನು ಇಲ್ಲಿಗೆ ತರಬೇಡಿ. ತೋಟದ ಜೀಪಿನ ನಿಜವಾದ ಹೋಲಿಕೆ ಬಣ್ಣಕ್ಕಿಂತ ಹೆಚ್ಚಾಗಿ ಅಳತೆಯಿಂದ ಬರುತ್ತದೆ. ಮಹೀಂದ್ರ ದಶಕಗಳ ಕಾಲ ತಯಾರಿಸಿದ ವಿಲ್ಲಿಸ್ ಸಿಜೆ-3ಬಿ ಜೀಪಿನಲ್ಲಿ ಎರಡು ಅಚ್ಚುಗಳ ನಡುವಿನ ದೂರ 80 ಅಂಗುಲ, ಅಂದರೆ 2032 ಮಿ.ಮೀ.; 1:12ಕ್ಕೆ ಇಳಿಸಿದರೆ 169, 1:14ಕ್ಕೆ 145. ನಿಮ್ಮ ಚಾಸಿಯನ್ನು ಅಳೆದು ಯಾವುದಕ್ಕೆ ಹತ್ತಿರವೋ ಆ ಲೆಕ್ಕದಲ್ಲಿ ಬಾನೆಟ್, ಗಾಜು, ಬಂಪರುಗಳನ್ನು ಪ್ಲಾಸ್ಟಿಕ್ ಹಾಳೆಯಿಂದ ಕತ್ತರಿಸಿಕೊಳ್ಳಿ. ಜೀಪಿನ ಮೇಲ್ಹೊದಿಕೆಯಾದ ಹುಡ್ಡಿಗೆ ಮುರಿದ ಕೊಡೆಯ ಬಟ್ಟೆಯಷ್ಟು ಹಗುರವಾದುದು ಬೇರೆ ಸಿಗಲಾರದು. ಮೇಲೆ ಲಗೇಜ್ ಕ್ಯಾರಿಯರ್, ಸ್ಪೇರ್ ಚಕ್ರ, ಜೆರ್ರಿ ಕ್ಯಾನ್ ಎಂದು ಏರಿಸುತ್ತ ಹೋದರೆ ಕೆಳಗೆ ಅಂಟಿಸಿದ ತೂಕವೆಲ್ಲ ನಿಷ್ಪ್ರಯೋಜಕವಾಗಿ ಪಕ್ಕದ ಇಳಿಜಾರಿನಲ್ಲಿ ಕಾರು ಮಗುಚುತ್ತದೆ. ಹೆಡ್‌ಲೈಟಿಗೆ ಬಿಳಿ ಎಲ್‌ಇಡಿಗಳನ್ನು ರಿಸೀವರಿನ ಖಾಲಿ ಚಾನೆಲ್ಲಿನಿಂದ ಬೆಳಗಿಸಬಹುದು. ಅಲ್ಲಿ 6 ವೋಲ್ಟ್ ಇದ್ದರೆ ಪ್ರತಿ ಎಲ್‌ಇಡಿಗೆ ಒಂದೊಂದು 220 ಓಮಿನ ರೆಸಿಸ್ಟರ್ ಬೇಕು.

ಖರ್ಚಿನ ಬಗ್ಗೆ ನೀವು ಕೇಳಿಲ್ಲವಾದರೂ ಹೇಳಬೇಕು. ರೇಡಿಯೊ, ಇಎಸ್‌ಸಿ, ಸರ್ವೊ, ಬ್ಯಾಟರಿ, ಚಾರ್ಜರ್ ಸೇರಿದರೆ ಆಟಿಕೆಯ ಮೂಲ ಬೆಲೆಯನ್ನು ಸುಲಭವಾಗಿ ಮೀರುತ್ತದೆ. ಅಚ್ಚು ಗಟ್ಟಿಯಿಲ್ಲದ ಚಾಸಿಯಾದರೆ ಈ ಭಾಗಗಳನ್ನು ಕೊಂಡ ಮೇಲೆ 1:16 ಅಳತೆಯ ಡಬ್ಲ್ಯುಪಿಎಲ್ ಅಥವಾ 1:12ರ ಎಂಎನ್ ಜೀಪುಗಳಂಥ, ಬಿಡಿಭಾಗಗಳು ಸಿಗುವ ಚಾಸಿಯೊಂದಕ್ಕೆ ಅವನ್ನು ಸಾಗಿಸುವುದೇ ವಿವೇಕ. ವೇಗದ ಕಾರೇ ಬೇಕೆನ್ನುವವರು ಕೊಳ್ಳುವ ಡಬ್ಲ್ಯುಎಲ್‌ಟಾಯ್ಸ್ 144001ರಂಥವು ನುಣುಪು ನೆಲದಲ್ಲಿ ಹಾರಿಹೋಗುತ್ತವೆ, ಆದರೆ ಬೇರುಗಳೂ ಕಲ್ಲುಗಳೂ ಎದ್ದಿರುವ ತೋಟದ ದಾರಿಯಲ್ಲಿ ಅವುಗಳ ತಗ್ಗು ಹೊಟ್ಟೆ ಎಲ್ಲೆಂದರಲ್ಲಿ ತಗಲುತ್ತದೆ. ಸರ್ವೊ, ಕನೆಕ್ಟರ್, ಕೆಪಾಸಿಟರುಗಳಂಥ ಸಣ್ಣ ಸಾಮಾನುಗಳನ್ನು ಬೆಂಗಳೂರಿಗೆ ಹೋದಾಗ ಎಸ್.ಪಿ. ರಸ್ತೆಯಲ್ಲಿ ಕೈಯಲ್ಲಿ ಹಿಡಿದು ನೋಡಿ ತರಬಹುದು.

ಎಲ್ಲ ಜೋಡಿಸಿ ಮುಗಿದ ಮೇಲೆ ಮೊದಲ ಬಾರಿಗೆ ಆನ್ ಮಾಡುವಾಗ ಕಾರನ್ನು ಮರದ ತುಂಡಿನ ಮೇಲಿಟ್ಟು ನಾಲ್ಕೂ ಚಕ್ರಗಳು ಗಾಳಿಯಲ್ಲಿರುವಂತೆ ನೋಡಿಕೊಳ್ಳಿ. ಟ್ರಾನ್ಸ್‌ಮಿಟರ್ ಮೊದಲು ಆನ್ ಆಗಬೇಕು, ಕಾರು ಆಮೇಲೆ. ಆಫ್ ಮಾಡುವಾಗ ಇದರ ತಿರುವುಮುರುವು. ನಂತರ ಕಾರು ಓಡುತ್ತಿರುವಾಗಲೇ ಒಮ್ಮೆ ಬೇಕೆಂದೇ ಟ್ರಾನ್ಸ್‌ಮಿಟರನ್ನು ಆಫ್ ಮಾಡಿ ಚಕ್ರಗಳು ತಕ್ಷಣ ನಿಲ್ಲುತ್ತವೆಯೇ ಎಂದು ಪರೀಕ್ಷಿಸಿ. ನಿಲ್ಲದಿದ್ದರೆ ಫೇಲ್‌ಸೇಫ್ ಹೊಂದಿಕೆಯನ್ನು ಮತ್ತೊಮ್ಮೆ ಮಾಡಿ, ಅದು ಸರಿಯಾಗುವವರೆಗೆ ಕಾರನ್ನು ನೆಲಕ್ಕೆ ಇಳಿಸಬೇಡಿ.